ಕಾರಣವಿಲ್ಲದ ಕರೆಗಳು

"ಒಲಿ ಮ್ಯಾಲೆ ಏನೈತ್ರೀ?" ಎಂದು ಕೇಳಿದೆ. ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಅರ್ಧ ಮುಗಿದಿತ್ತು.

"ಏನಿಲ್ರೀ. ಅನ್ನ ಇಳಿಸೀನಿ. ಗ್ಯಾಸ್ ಬಂದ್ ಮಾಡೀನಿ."

"ಸಣ್ಣ ಮಕ್ಕಳು?"

"ಅಂಗನವಾಡಿಗೆ ಹೋಗ್ಯಾವು. ಅಲ್ರೀ ಅಕ್ಕಾರ, ನಮ್ಮನ್ಯಾಗ ಏನೂ ಆಗಿಲ್ರೀ. ಹಪ್ಪಳದ ಹಿಟ್ಟು ನಾದಾಕತ್ತಿದ್ದೆ, ಕೈ ತಾನ ಫೋನ್ ಹಚ್ಚಿಬಿಡ್ತು. ನಿಮಗ ಸುಮ್ನ ತ್ರಾಸು."

"ತ್ರಾಸೇನಿಲ್ಲವ್ವ. ಹಪ್ಪಳ ಎಲ್ಲಿ ಒಣಗಸ್ತೀರಿ?"

"ಮಾಳಿಗಿ ಮ್ಯಾಲೆ. ನಾ ಲಟ್ಟಿಸಿ ಕೊಡ್ತೀನಿ, ಮಾವಾರು ಮ್ಯಾಲೆ ಹರವಿ ಬರ್ತಾರ."

"ಹೆಂಗ ಏರ್ತಾರ?"

"ನಿಚ್ಚಣಿಕಿ ಹಚ್ಚಿ. ಈಗೂ ಮ್ಯಾಲೇ ಅದಾರ..." ಎಂದವಳು ಅಲ್ಲಿಗೇ ನಿಂತಳು. ನಾನೂ ಸೊಪ್ಪು ಕೆಳಗಿಟ್ಟೆ.

"ಮಾವಾರಿಗೆ ಅಲ್ಲೇ ಕೂಡ್ರಿ ಅನ್ನು. ಒಂದ ಮೆಟ್ಟಲಾ ಇಳೀಬಾರದು. ನಮ್ಮ ಜೀಪು ಬರತೈತಿ."

ಜೀಪಿನ ದ್ಯಾಮಣ್ಣ ತನ್ನದೇ ನಿಚ್ಚಣಿಕೆ ಹೇರಿಕೊಂಡು ಹೋದ. ಅರ್ಧ ಗಂಟೆ ಬಿಟ್ಟು ಬಂದವನ ಕೈಯಲ್ಲಿ ಮುರಿದ ಮೆಟ್ಟಿಲೊಂದಿತ್ತು. ಗೆದ್ದಲು ತಿಂದು ಒಳಗೆಲ್ಲ ಪೊಳ್ಳು. "ಮುಟ್ಟಿದ್ದಷ್ಟ, ಕಿತ್ತು ಬಂತು ನೋಡ್ರಿ. ಮುದುಕ ಮ್ಯಾಲೆ ಕುಂತು ಹಸಿ ಹಪ್ಪಳ ತಿಂದು ನನಗ ಬೈದಾ, ಎಷ್ಟೊತ್ತೋ ಬರಾಕ ಅಂತ" ಎಂದು ನಕ್ಕ. ನಾನು ದಪ್ಪ ಪುಸ್ತಕದಲ್ಲಿ 'ನಿಚ್ಚಣಿಕೆ, ಮೂರನೇ ಮೆಟ್ಟಿಲು' ಎಂದು ಬರೆದು ಮತ್ತೆ ಸೊಪ್ಪಿಗೆ ಕೂತೆ.

ನಮ್ಮೂರಲ್ಲಿ ಹೀಗೆಯೇ. ಕೈ ಮೊದಲು ನಮಗೆ ಫೋನ್ ಹಚ್ಚುತ್ತದೆ, ಕಷ್ಟ ಆಮೇಲೆ ಬರುತ್ತದೆ. ಒಂದು ಬೇಳೆ ಬೇಯುವಷ್ಟು ಹೊತ್ತಿನ ಅಂತರ, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು. ಹಾಗಾಗಿ ನಮಗೆ ಫೋನ್ ಮಾಡುವವರಲ್ಲಿ ಯಾರೂ ಕೂಗಾಡುವುದಿಲ್ಲ, ಅಳುವುದಿಲ್ಲ. ನಾಚಿಕೊಳ್ಳುತ್ತಾರೆ. ತಾವೇಕೆ ಫೋನ್ ಮಾಡಿದೆವು ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಅದನ್ನು ಅವರ ಮನೆಯೊಳಗೆಲ್ಲ ಹುಡುಕಿ ತೆಗೆಯುವುದು ಕರೆಮನೆಯಲ್ಲಿ ಕೂತ ನಮ್ಮ ಕೆಲಸ. ನನಗೆ ಈ ಕೆಲಸ ಕಲಿಸಿದ ತುಂಗವ್ವ ಪ್ರಶ್ನೆಗಳನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸಿದ್ದಳು. ಒಲೆ, ಕೂಸು, ನೀರು, ಎತ್ತರ, ವಿದ್ಯುತ್ತು, ದನ, ಔಷಧ, ಜಗಳ. ಇದೇ ಕ್ರಮ. ಜಗಳವನ್ನು ಕೊನೆಗೆ ಕೇಳಬೇಕು. ಮೊದಲೇ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಊರಿನ ಅಡುಗೆಮನೆಗಳಲ್ಲಿ ಹೀಗೆ ಕಿವಿಯಿಂದಲೇ ಓಡಾಡಿದ್ದೇನೆ. ಯಾರ ಮನೆಯ ಕುಕ್ಕರಿನ ರಬ್ಬರು ಹಳತಾಗಿದೆ, ಯಾರ ಅತ್ತೆ ಮಾತ್ರೆಯನ್ನು ಸೆರಗಲ್ಲಿ ಕಟ್ಟಿಕೊಂಡು ನುಂಗಿದೆ ಅನ್ನುತ್ತಾಳೆ, ಯಾವ ಗಂಡ ಮನೆಗೆ ಬಂದೊಡನೆ ಹೆಂಡತಿಯ ದನಿ ಸಣ್ಣದಾಗುತ್ತದೆ, ಎಲ್ಲ ಗೊತ್ತು. ಸಂತೆಯಲ್ಲಿ ಆ ದನಿಗಳು ನನ್ನ ಪಕ್ಕದಲ್ಲೇ ಬದನೆಕಾಯಿ ಆರಿಸುತ್ತಿರುತ್ತವೆ. ಗುರುತು ಸಿಕ್ಕರೂ ಸುಮ್ಮನೆ ದಾಟಿ ಹೋಗುತ್ತೇನೆ.

ರಾಜಧಾನಿಯಿಂದ ಹೊಸ ವ್ಯವಸ್ಥೆ ಬಂದದ್ದು ದೀಪಾವಳಿ ಮುಗಿದ ವಾರ. ಎಲ್ಲ ಊರುಗಳ ತುರ್ತು ಕರೆಗಳೂ ಇನ್ನು ಒಂದೇ ನಂಬರಿಗೆ, ಒಂದೇ ರೀತಿ. ಪೆಟ್ಟಿಗೆಗಳ ಜೊತೆಗೆ ಸಂಪದಾ ಎಂಬ ಇಂಜಿನಿಯರ್ ಹುಡುಗಿಯೂ ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ. ನನ್ನ ಜೊತೆ ಕರೆಮನೆಯಲ್ಲಿ ಕೆಲಸ ಮಾಡುವ ಖೈರುನ್ನಿಸಾ ಮೊದಲ ದಿನವೇ ಅವಳ ತಟ್ಟೆಗೆ ಎರಡನೇ ರೊಟ್ಟಿ ಹಾಕಿ, "ಇಷ್ಟ ಉಂಡ್ರ ಆ ದೊಡ್ಡ ಡಬ್ಬಿ ಹೆಂಗ ಎತ್ತೀಯವ್ವ?" ಎಂದಳು. ಕರೆಮನೆಯ ಬೋರ್ಡು ಇಳಿಸಿ 'ಸಂಯೋಜಿತ ತುರ್ತು ಸ್ಪಂದನ ಕೇಂದ್ರ' ಎಂಬ ಬೋರ್ಡು ಏರಿಸಿದರು. ಅದು ಬಾಗಿಲಿಗಿಂತ ಅಗಲವಾಗಿತ್ತು.

ಸುಳ್ಳೇಕೆ ಹೇಳಲಿ, ನನಗೆ ಅದು ಹಿಡಿಸಿತು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಬಂದು ಇಪ್ಪತ್ತೆರಡು ವರ್ಷದ ಕತ್ತುನೋವು ಒಂದೇ ವಾರದಲ್ಲಿ ಹೋಯಿತು. ಬಡಗಿ ಓಣಿಯ ಮೂಗಿ ರತ್ನವ್ವ ಮೊದಲ ಬಾರಿಗೆ ತಾನೇ ಅಕ್ಷರ ಒತ್ತಿ ಸಂದೇಶ ಕಳಿಸಿದಳು. ಅಲ್ಲಿಯವರೆಗೆ ಕೈ ಫೋನಿನತ್ತ ಹೋದಾಗಲೆಲ್ಲ ಅವಳು ಓಡಿಬಂದು ನಮ್ಮ ಬಾಗಿಲು ಬಡಿಯಬೇಕಿತ್ತು. ಪರದೆಯ ಮೇಲೆ ನಮ್ಮೂರು ಹಸಿರು ಗೆರೆಗಳಾಗಿ ಹರಡಿಕೊಂಡಿತ್ತು. ಯಾರೇ ಫೋನ್ ಮಾಡಲಿ, ಅವರಿರುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ದ್ಯಾಮಣ್ಣ ತನ್ನ ಜೀಪಿನಲ್ಲೂ ಒಂದು ಸಣ್ಣ ಪರದೆ ಹಾಕಿಸಿಕೊಂಡು, ಅದಕ್ಕೆ ದಿನಾ ಕುಂಕುಮ ಹಚ್ಚಿ, ಕೊನೆಗೆ ಚುಕ್ಕೆ ಯಾವುದು ಕುಂಕುಮ ಯಾವುದು ತಿಳಿಯದೆ ಕಸಾಯಿಖಾನೆಯ ಗೋಡೆಗೆ ಹೋಗಿ ನಿಂತ.

ತೊಂದರೆ ಇದ್ದದ್ದು ನಲವತ್ತು ಸೆಕೆಂಡಿನಲ್ಲಿ. ಕರೆ ಮಾಡಿದವರು ಅಷ್ಟರೊಳಗೆ ಒಂದು, ಎರಡು ಅಥವಾ ಮೂರು ಒತ್ತಬೇಕು. ಒಂದು ಬೆಂಕಿ, ಎರಡು ಆರೋಗ್ಯ, ಮೂರು ಪೊಲೀಸು. ಒತ್ತದಿದ್ದರೆ ಯಂತ್ರವೇ ಕರೆಯನ್ನು ಕತ್ತರಿಸಿ 'ಸುಳ್ಳು ಕರೆ' ಎಂದು ಬರೆದುಕೊಳ್ಳುತ್ತದೆ. ಮೂರು ಸುಳ್ಳು ಕರೆಯಾದರೆ ಒಂದು ತಿಂಗಳು ಆ ನಂಬರಿಗೆ ಬಾಗಿಲು ಮುಚ್ಚಿದಂತೆ. ಆ ಕಡೆಯಿಂದ ಎಷ್ಟು ಸಲ ಹಚ್ಚಿದರೂ ಇಲ್ಲಿ ಗಂಟೆ ಹೊಡೆಯುವುದಿಲ್ಲ.

"ನಮ್ಮವ್ರಿಗೆ ಏನಾಗೈತಿ ಅಂತ ಗೊತ್ತಿದ್ರ ನಾವ್ಯಾಕ ಬೇಕಾಗಿದ್ದಿವಿ?" ಎಂದಳು ಖೈರು.

"ನಿಮ್ಮೂರಿನ ವಿಷಯ ಹೇಳಿದ್ರು ಮೇಡಂ," ಎಂದಳು ಸಂಪದಾ, ಬೇಸರದಿಂದಲೇ. "ಆದ್ರೆ ಇದು ಎಲ್ಲಾ ಊರಿಗೂ ಒಂದೇ ಥರ ಮಾಡಿರೋದು. ಸುಮ್ಸುಮ್ನೆ ಫೋನ್ ಮಾಡಿ ಕಾಡಿಸೋರು ಬೇರೆ ಕಡೆ ತುಂಬಾ ಜನ ಇದಾರೆ. ಕಾರಣ ಇಲ್ದಿರೋ ಕರೇನ ಯಂತ್ರಕ್ಕೆ ಹೆಂಗೆ ಅರ್ಥ ಮಾಡ್ಸೋದು, ನೀವೇ ಹೇಳಿ."

ನಮ್ಮ ಜನ ಮಾತ್ರ ತಮ್ಮದೇ ದಾರಿ ಹುಡುಕಿಕೊಂಡರು. ಕೈ ಫೋನಿನತ್ತ ಹೋದೊಡನೆ ಮಕ್ಕಳ ಕೈಯಲ್ಲಿ ಕಣ್ಣುಮುಚ್ಚಿ ಒತ್ತಿಸುವವರು ಕೆಲವರು. ಸೋಮವಾರ ಬೆಂಕಿ, ಮಂಗಳವಾರ ಆರೋಗ್ಯ ಎಂದು ವಾರ ಕಟ್ಟಿಕೊಂಡವರು ಕೆಲವರು. ಹೂಗಾರ ಓಣಿಯಲ್ಲೊಬ್ಬಳು ಬೆಂಕಿ ಒತ್ತಿದಳು. ಬೆಂಕಿಯ ಗಾಡಿ ಬಂದು ಮನೆ ಮುಂದೆ ಪೈಪು ಬಿಚ್ಚುತ್ತಿರುವಾಗ ಅವಳ ಮೊಮ್ಮಗಳು ಹುಣಸೆ ಬೀಜ ಗಂಟಲಿಗೆ ಸಿಕ್ಕಿಸಿಕೊಂಡಳು. ಬೆಂಕಿ ಆರಿಸುವವನೊಬ್ಬ ಕೂಸನ್ನು ಬೋರಲು ಹಾಕಿ ಬೆನ್ನು ಗುದ್ದಿ ಬೀಜ ಬೀಳಿಸಿದ. ಮೂರು ಒತ್ತಿದ ಮನೆಗಳಿಗೆ ಪೊಲೀಸರು ಬಂದು ಕೂತು, ಇನ್ನೂ ಆಗದ ಕಷ್ಟಕ್ಕೆ ಕಾಯುತ್ತ ಚಹಾ ಕುಡಿಯುತ್ತಿದ್ದರು. ನೆರೆಯವರು ಕಿಟಕಿಯಿಂದ ಇಣುಕುತ್ತಿದ್ದರು. "ಏನ್ರೀ ಗೌಡ್ರ, ಹೆಂಡ್ತಿ ಕಂಪ್ಲೇಂಟ್ ಕೊಟ್ಟಾಳಂತ?" ಎಂದು ಕಟ್ಟೆಯ ಮೇಲಿನವರು ಕಾಡುತ್ತಿದ್ದುದರಿಂದ ಗಂಡಸರೇ ಹೆಂಗಸರ ಕೈಹಿಡಿದು 'ಎರಡು ಒತ್ತು, ಎರಡು ಒತ್ತು' ಎನ್ನತೊಡಗಿದರು.

ಎರಡನೇ ವಾರ, ಬೆಳಗಿನ ಎಂಟು ಗಂಟೆಗೆ, ಹೊಸ ಯಂತ್ರ ಕಲಿಯಲು ನಾವಿಬ್ಬರೂ ಬೇಗ ಬಂದು ಕೂತಿದ್ದಾಗ, ಲಾಡ್ಜಿನ ಜಾಗದಲ್ಲಿ ಚುಕ್ಕೆ ಹೊತ್ತಿತು. "ಮೇಡಂ, ನಾನು ಸಂಪದಾ. ಸಾರಿ. ಯಾಕೆ ಫೋನ್ ಮಾಡ್ದೆ ಅಂತ ನಂಗೇ ಗೊತ್ತಾಗ್ತಿಲ್ಲ. ಟವೆಲ್ ತಗೊಳ್ಳೋಕೆ ಹೋದೆ, ಕೈ ಫೋನ್ ತಗೊಂತು."

ಖೈರು ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆದಳು. ನಾನು ಒಲೆ ಬಿಟ್ಟೆ, ಕೂಸು ಬಿಟ್ಟೆ. "ಸ್ನಾನಕ್ಕ ನೀರು ಹೆಂಗ ಕಾಸಾಕತ್ತೀಯವ್ವ?"

"ಬಕೆಟ್ಟಿಗೆ ಕಾಯಿಲ್ ಹಾಕಿದೀನಿ. ಬಿಸಿ ಆಯ್ತಾ ಅಂತ ಕೈ ಹಾಕಿ ನೋಡ್ಬೇ..."

"ಹಾಕಬ್ಯಾಡ. ಗ್ವಾಡಿ ಕಡೆ ಹೋಗಿ ಮದಲ ಸ್ವಿಚ್ ಬಂದ್ ಮಾಡು."

ಮೂವತ್ತೇಳು ಸೆಕೆಂಡಾಗಿತ್ತು. ಅವಳು ಎರಡು ಒತ್ತಿದಳು. ಆ ದಿನ ತಡವಾಗಿ ಬಂದಳು, ಮುಖ ಬಿಳುಪೇರಿತ್ತು. ಸುಟ್ಟು ಕರಕಾಗಿದ್ದ ಕಾಯಿಲಿನ ವೈರನ್ನು ನನ್ನ ಮೇಜಿನ ಮೇಲಿಟ್ಟು, ರಾಜಧಾನಿಗೆ ಉದ್ದನೆಯ ಪತ್ರ ಬರೆಯಲು ಕೂತಳು. ನಮ್ಮೂರಿಗೆ ನಲವತ್ತು ಸೆಕೆಂಡಿನ ನಿಯಮ ಬೇಡವೆಂದು. ಉತ್ತರ ಬರುವುದಕ್ಕೆ ಮೂರು ತಿಂಗಳಾದರೂ ಬೇಕು ಎಂದೂ ಅವಳೇ ಹೇಳಿದಳು.

ಮೂರು ತಿಂಗಳು ಎಂಬ ಆ ಮಾತು ನನ್ನನ್ನು ಚುಚ್ಚಿದ್ದು ಮಂದಾಕಿನಿ ನೆನಪಾದದ್ದರಿಂದ.

ಗಿರಣಿ ಓಣಿಯ ಮಂದಾಕಿನಿ ಒಂಬತ್ತು ವರ್ಷದಿಂದ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡುತ್ತಿದ್ದಳು. ಅವಳ ಗಂಡನದು ಹಿಟ್ಟಿನ ಗಿರಣಿ. ಮಗಳು ಮದುವೆಯಾಗಿ ಹೋಗಿದ್ದಳು. ಮೊದಲ ವರ್ಷ ನಾನು ಎಲ್ಲ ಪ್ರಶ್ನೆಗಳನ್ನೂ ಕೇಳಿದೆ, ಜೀಪು ಕಳಿಸಿದೆ. ಬಾಗಿಲು ಮುಂದೆ ಮಾಡಿದೆ, ಒಳಗೆ ಸದ್ದಿಲ್ಲ, ಮಲಗಿರಬೇಕು ಎಂದು ದ್ಯಾಮಣ್ಣ ತಿರುಗಿ ಬರುತ್ತಿದ್ದ. ಏನೂ ಆಗಲಿಲ್ಲ. ಅವಳ ಮನೆಗೆ ಬೇಳೆ ಬೇಯುವಷ್ಟು ಹೊತ್ತಿನಲ್ಲೂ ಕಷ್ಟ ಬರಲಿಲ್ಲ, ಸಂಜೆಯೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಊರಿನಲ್ಲಿ ಹೀಗೆ ತಪ್ಪುವ ಕೈ ಅವಳೊಬ್ಬಳದೇ. ಖೈರು ಅವಳನ್ನು 'ನಿನ್ನ ಮೂರು ಗಂಟಿ' ಎಂದೇ ಕರೆಯುತ್ತಿದ್ದಳು. ಆಮೇಲೆ ನಾನು ಜೀಪು ಕಳಿಸುವುದನ್ನು ಬಿಟ್ಟೆ, ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಒಲೆ ಮೇಲೆ ಏನಿದೆ ಎಂದರೆ, "ಒಲಿ ಆರಿ ಎಷ್ಟೋ ಹೊತ್ತಾತ್ರೀ ಅಕ್ಕಾರ" ಎನ್ನುತ್ತಿದ್ದಳು. ಹಿಂದೆ ಗಿರಣಿಯ ಗುಂಯ್ ಎಂಬ ಸದ್ದು ಕೇಳಿಸುತ್ತಿತ್ತು. ಪಲ್ಯಕ್ಕೆ ಏನು ಹಾಕಿದಿರಿ ಎಂದು ಕೇಳುತ್ತಿದ್ದೆ. ಗುರೆಳ್ಳು ಪುಡಿ ಹಾಕಿದೆ ಎನ್ನುತ್ತಿದ್ದಳು. ನಾನು ಅವಸರ ಮಾಡುತ್ತಿರಲಿಲ್ಲ. ಒಂದು ಹತ್ತು ನಿಮಿಷವಾದ ಮೇಲೆ ದೊಡ್ಡ ಉಸಿರು ಬಿಟ್ಟು, "ನೀವು ಉಂಡ್ರೇನ್ರೀ?" ಎಂದು ಕೇಳಿ, "ಫೋನ್ ಇಡ್ಲೇನ್ರೀ? ಮನಿ ಕೆಲಸ ಅದಾವು" ಎಂದು ಇಟ್ಟುಬಿಡುತ್ತಿದ್ದಳು. ಇಡೀ ದಿನದಲ್ಲಿ ನನ್ನನ್ನು ಉಂಡೆಯಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ನನ್ನ ಮನೆಯವರು ಒಳ್ಳೆಯವರೇ, ಆದರೆ ತಟ್ಟೆ ನೋಡಿಕೊಂಡು ಉಣ್ಣುವ ಜಾತಿ.

ಹೊಸ ವ್ಯವಸ್ಥೆ ಶುರುವಾಗುವ ಹೊತ್ತಿಗೆ ಅವಳು ಅಣ್ಣನ ಮಗಳ ಮದುವೆಗೆಂದು ತವರಿಗೆ ಹೋಗಿದ್ದಳು. ಮೂರನೇ ವಾರದ ಸೋಮವಾರ, ಮೂರಕ್ಕೆ ಸರಿಯಾಗಿ, ಹೆಡ್‌ಫೋನಿನಲ್ಲಿ ಅವಳ ದನಿ ಬಂತು. "ಅಕ್ಕಾರ, ಆರಾಮದೀರೇನ್ರೀ? ಇದೇನಿದು, ಒಂದು ಒತ್ತು ಎರಡು ಒತ್ತು ಅಂತೈತಿ?"

"ಮಂದಾಕಿನಿ, ಎರಡು ಒತ್ತವ್ವ. ಲಗೂನ ಒತ್ತು."

"ಎರಡು ಅಂದ್ರ?"

"ಆರಾಮಿಲ್ಲ ಅಂತ."

"ನನಗೇನಾಗೇತ್ರೀ? ಗುಂಡಕಲ್ಲಿನಂಗ ಅದೀನಿ" ಎಂದು ನಕ್ಕಳು. ನಗುವಿನ ನಡುವೆಯೇ ಕರೆ ಕತ್ತರಿಸಿತು. ಪರದೆಯ ಮೇಲೆ 'ಸುಳ್ಳು ಕರೆ, ಒಂದು' ಎಂದು ಬಂತು.

ಮಂಗಳವಾರ ನಾನು ಮೊದಲೇ ಸಿದ್ಧವಾಗಿದ್ದೆ. ಅವಳು ಅಕ್ಕಾರ ಎನ್ನುವುದರೊಳಗೇ ನಲವತ್ತು ಸೆಕೆಂಡಿನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ನಿಧಾನವಾಗಿ, "ಎರಡು ಒತ್ತಿದ್ರ ಜೀಪು ಬರತೈತಲ್ರೀ?" ಎಂದಳು.

"ಬರ್ಲಿ. ಬಂದು ಹೋಗತೈತಿ."

"ಬ್ಯಾಡ್ರೀ. ಯಾರಿಗೋ ಖರೇ ಕಷ್ಟ ಇರತೈತಿ. ಅವರ ಜೀಪು ನಾ ಯಾಕ ತರಸ್ಲಿ? ನನಗ ಏನೂ ಇಲ್ಲದ ಇದ್ದಾಗ ಸುಳ್ಳು ಯಾಕ ಒತ್ಲಿ?" ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕಾರ. ಇಷ್ಟು ವರ್ಷ ನಿಮ್ಮ ತಲಿ ತಿಂದೀನಿ. ನಾಳೆ ಒಂದಿನ ಹಚ್ತೀನಿ, ಆಮ್ಯಾಲೆ ಹೆಂಗೂ..."

ಕತ್ತರಿಸಿತು. 'ಸುಳ್ಳು ಕರೆ, ಎರಡು.' ಕರೆ ಹೋದರೂ ಚುಕ್ಕೆ ತುಸು ಹೊತ್ತು ಹಾಗೆಯೇ ಇರುತ್ತದೆ. ಅಲ್ಲಿಯವರೆಗೂ ನಾನು ಅವಳ ಚುಕ್ಕೆ ನೋಡಿರಲಿಲ್ಲ. ನೋಡುವುದೇನಿದೆ, ಗಿರಣಿ ಓಣಿಯಲ್ಲದೆ ಇನ್ನೆಲ್ಲಿರುತ್ತದೆ? ಸುಮ್ಮನೆ ಕಣ್ಣು ಆ ಓಣಿಗೆ ಹೋಯಿತು. ಅಲ್ಲಿ ಚುಕ್ಕೆ ಇರಲಿಲ್ಲ. ಹುಡುಕಿದೆ. ಊರು ಮುಗಿದು, ಹಸಿರು ಗೆರೆಗಳೆಲ್ಲ ನಿಂತುಹೋದ ಮೇಲೆ, ಪರದೆಯ ಅಂಚಿನಲ್ಲಿ ಅದು ಒಂಟಿಯಾಗಿ ಮಿಣುಕುತ್ತಿತ್ತು.

ನೀರು ಕುಡಿಯಲು ಒಳಬಂದ ದ್ಯಾಮಣ್ಣನಿಗೆ ತೋರಿಸಿದೆ. "ಇದೆಲ್ಲಿ ಬರತೈತೋ?"

"ಇದಾ? ಹಳೇ ಕಲ್ಲಿನ ಕ್ವಾರಿ ಅಲ್ಲೇನ್ರೀ? ನೀರು ತುಂಬಿ ಹಸರಾಗಿ ನಿಂತೈತಲ್ಲ, ಅದು. ಚುಕ್ಕಿ ದಂಡಿ ಮ್ಯಾಲ ಐತಿ ನೋಡ್ರಿ. ಅಲ್ಲಿ ಯಾರು ಇರ್ತಾರ? ಗಾಳಿ ಬಿಟ್ರ ಏನೂ ಇಲ್ಲ. ಗುಂಯ್ ಅಂತಿರತೈತಿ."

"ಆಡು ಮೇಸೋರು ಯಾರಾರ ಇರಬೇಕು" ಎಂದೆ.

"ಇರಬೇಕ್ರಿ" ಎಂದು ಅವನು ತಂಬಿಗೆ ಎತ್ತಿ ಕುಡಿದು ಹೊರಗೆ ಹೋದ.

ಗುಂಯ್ ಎಂಬ ಆ ಸದ್ದನ್ನು ಒಂಬತ್ತು ವರ್ಷ ಗಿರಣಿಯೆಂದುಕೊಂಡಿದ್ದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮೂರಿನ ಗಿರಣಿಗಳಿಗೆ ಕರೆಂಟು ಇರುವುದಿಲ್ಲ. ಆ ಹೊತ್ತಿಗೆ ಹಿಟ್ಟು ಬೀಸಿಸಲು ಹೋಗಿ ನಾನೇ ಎಷ್ಟು ಸಲ ಡಬ್ಬಿ ಹೊತ್ತು ಹಿಂದಿರುಗಿದ್ದೇನೆ. ಆದರೂ ಹೊಳೆದಿರಲಿಲ್ಲ. ಒಲೆ ಕೇಳಿದೆ, ಕೂಸು ಕೇಳಿದೆ, ನೀರು ಕೇಳಿದೆ. ಕೊಡದಲ್ಲಿ ನೀರಿದೆಯೇ, ಬಚ್ಚಲಲ್ಲಿ ಜಾರುತ್ತದೆಯೇ ಎಂದು ಕೇಳಿದೆ. ನೀನು ಎಲ್ಲಿದ್ದೀಯೇ ಎಂದು ಒಂದು ಸಲವೂ ಕೇಳಲಿಲ್ಲ. ಆ ಪ್ರಶ್ನೆ ತುಂಗವ್ವನ ಪಟ್ಟಿಯಲ್ಲೇ ಇರಲಿಲ್ಲ. ಹೆಂಗಸು ಅಂದಮೇಲೆ ಮನೆಯಲ್ಲೇ ಇರುತ್ತಾಳೆ ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಊರಿನ ಒಳಮನೆಗಳೆಲ್ಲ ಗೊತ್ತು ಎಂದು ಒಳಗೊಳಗೇ ಬೀಗುತ್ತಿದ್ದ ನನಗೆ ಒಬ್ಬ ಹೆಂಗಸು ದಿನಾ ಒಲೆ ಆರಿಸಿ, ಬಾಗಿಲು ಮುಂದೆ ಮಾಡಿ, ಊರು ದಾಟಿ ಆ ದಂಡೆಯವರೆಗೆ ನಡೆಯುವುದು ಗೊತ್ತಿರಲಿಲ್ಲ. ಅಲ್ಲಿ ನಿಂತಾಗ ಅವಳ ಕೈ ಮೊಬೈಲಿಗೆ ಹೋಗುತ್ತಿತ್ತು. ನಾನು ಪಲ್ಯಕ್ಕೆ ಏನು ಹಾಕಿದೆ ಎಂದು ಕೇಳುತ್ತಿದ್ದೆ. ಅವಳು ಹಿಂದಿರುಗಿ ಬರುತ್ತಿದ್ದಳು. ಅವಳ ಕೈ ಒಂದು ದಿನವೂ ತಪ್ಪಿರಲಿಲ್ಲ.

ಸಂಪದಾ ಪಕ್ಕದ ಮೇಜಿನಲ್ಲಿ ವೈರು ಸುತ್ತಿಡುತ್ತಿದ್ದಳು. ಹೋಗಿ ಕೇಳಿದೆ, ಮೂರನೇ ಸಲ ಕತ್ತರಿಸುವುದನ್ನು ಯಾರಾದರೂ ಒಬ್ಬರ ಮಟ್ಟಿಗೆ ತಡೆಯಲು ಆಗುತ್ತದೆಯೇ ಎಂದು.

"ಆಗುತ್ತೆ ಮೇಡಂ. ವಿಶೇಷ ಪಟ್ಟಿ ಅಂತ ಇದೆ. ಅದಕ್ಕೆ ಸೇರಿಸಿದ್ರೆ ನಂಬರ್ ಯಾವತ್ತೂ ಬಂದ್ ಆಗಲ್ಲ" ಎಂದು ಉತ್ಸಾಹದಿಂದ ಕುರ್ಚಿ ಎಳೆದುಕೊಂಡಳು. "ಯಾರು ಹೇಳಿ, ಈಗ್ಲೇ ಹಾಕ್ತೀನಿ. ಕಾರಣ ಬರೀಬೇಕು. ಆ ಪಟ್ಟಿ ಪೊಲೀಸ್ ಠಾಣೆಗೆ ಹೋಗುತ್ತೆ, ಮನೆಯ ಯಜಮಾನ್ರಿಗೂ ಒಂದು ಮೆಸೇಜ್ ಹೋಗುತ್ತೆ. ಅಷ್ಟೇ."

ಅವಳ ಬೆರಳುಗಳು ಕೀಲಿಮಣೆಯ ಮೇಲೆ ಕಾಯುತ್ತಿದ್ದವು. ಒಳ್ಳೆಯ ಹುಡುಗಿ. ಹೇಳಿದರೆ ಖಂಡಿತ ಮಾಡುತ್ತಿದ್ದಳು. ಗಿರಣಿಯಲ್ಲಿ ಹಿಟ್ಟು ಮೆತ್ತಿದ ಕೈಯಿಂದ ಮಂದಾಕಿನಿಯ ಗಂಡ ಫೋನ್ ತೆಗೆದು ಆ ಮೆಸೇಜನ್ನು ಓದುವುದು ನನ್ನ ಕಣ್ಣಿಗೆ ಕಟ್ಟಿತು. ಸರತಿಯಲ್ಲಿ ಡಬ್ಬಿ ಇಟ್ಟುಕೊಂಡು ನಿಂತವರ ಎದುರಿಗೇ ಗಟ್ಟಿಯಾಗಿ ಓದುತ್ತಾನೆ. ಮಂದಾಕಿನಿ ಮತ್ತೆಂದೂ ಯಾರಿಗೂ ಫೋನ್ ಮಾಡುವುದಿಲ್ಲ. ದಂಡೆಗೆ ಹೋಗುವುದನ್ನಂತೂ ಬಿಡುವುದಿಲ್ಲ.

"ಯಾರೂ ಇಲ್ಲವ್ವ. ತಿಳ್ಕೊಂಡಿರೋಣು ಅಂತ ಕೇಳಿದೆ" ಎಂದೆ.

ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಖೈರು ಬುರ್ಖಾದ ಗುಂಡಿ ಬಿಚ್ಚುತ್ತ ಒಳಬಂದಳು. "ಖೈರು, ನಾಳಿಂದ ಮಧ್ಯಾಹ್ನದ ಪಾಳಿ ನೀ ಮಾಡ್ತೀಯೇನು? ನಾ ಬೆಳಗಿಂದು ಮಾಡಿ ಎರಡಕ್ಕ ಹೋಗ್ತೀನಿ."

"ಯಾಕವಾ ನಾಗವೇಣಿ? ಇಪ್ಪತ್ತೆರಡು ವರ್ಷದಾಗ ಒಂದಿನ ಪಾಳಿ ಬಿಟ್ಟವಳಲ್ಲ."

"ದವಡಿ ಹಲ್ಲು. ದಿನಾ ಬಾ ಅಂದಾನ ಡಾಕ್ಟ್ರು."

"ದಿನಾ? ಅದೇನು ಹಲ್ಲೋ ಹೊಲಾನೋ? ನಿನ್ನ ಮೂರು ಗಂಟಿ ಬಂದ್ರ ಏನ್ ಹೇಳ್ಲಿ?"

"ಬರಂಗಿಲ್ಲ ತಗೋ" ಎಂದೆ.

ಖೈರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹೆಡ್‌ಫೋನ್ ತೆಗೆದು ತನ್ನ ತಲೆಗೆ ಸಿಕ್ಕಿಸಿಕೊಂಡಳು. ನಾನು ಹೊರಗೆ ಬಂದೆ. ಕ್ವಾರಿಗೆ ಊರಿಂದ ಎರಡು ದಾರಿ. ಗಿರಣಿ ಓಣಿಯಿಂದ ಹೋದರೆ ಮುಕ್ಕಾಲು ಗಂಟೆ, ಕರೆಮನೆ ಹಿಂದಿನ ಸೀತಾಫಲದ ಗುಡ್ಡ ಹತ್ತಿ ಇಳಿದರೆ ಇನ್ನೂ ಬೇಗ. ಎರಡಕ್ಕೆ ಹೊರಟರೆ ಅವಳಿಗಿಂತ ಮೊದಲೇ ಅಲ್ಲಿರಬಹುದು. ಒಂದು ಬುಟ್ಟಿ ತೆಗೆದುಕೊಂಡು ಹೋಗಬೇಕು, ಹಣ್ಣಿಗೆ ಬಂದವಳ ಹಾಗೆ. ಅವಳು ನನ್ನ ಮುಖ ಕಂಡವಳಲ್ಲ. ದನಿ ಮಾತ್ರ ಗೊತ್ತು. ಅದಕ್ಕೇ ಮೊದಲ ಕೆಲವು ದಿನ ಮಾತು ಕಡಿಮೆ ಇರಬೇಕು. ಬಿಸಿಲು ಜೋರು ಎನ್ನಬಹುದು. ನೆರಳಿಗೆ ಸರಿದು ಕೂತು ಡಬ್ಬಿ ಬಿಚ್ಚಬಹುದು. ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯಲ್ಲಿ ನಿಂತು ಕಾಲು ಕಿಲೋ ಗುರೆಳ್ಳು ಕಟ್ಟಿಸಿಕೊಂಡೆ. ನಾಳೆಯಿಂದ ಇಬ್ಬರಿಗಾಗುವಷ್ಟು ರೊಟ್ಟಿ ತಟ್ಟಬೇಕು. ಯಾಕೆ ಇಷ್ಟು ಎಂದು ಮನೆಯವರು ಕೇಳುವವರಲ್ಲ, ನಾನೂ ಹೇಳಲಿಲ್ಲ.